ಹಾಲಿ ಸಿಕ್ಕಾದಿಂದ ಡಾಲರಿನವರೆಗೆ: ವಿದೇಶಿ ನಾಣ್ಯ ವಹಿವಾಟಿನ ಕುರಿತು ಒಂದು ಸಂವಾದ

ಒಂದು ದೇಶದ ಹಣವನ್ನು ಕೊಟ್ಟು ಇನ್ನೊಂದು ದೇಶದ ಹಣವನ್ನು ಪಡೆಯುವ ವ್ಯಾಪಾರಕ್ಕೆ ವಿದೇಶಿ ನಾಣ್ಯ ವಹಿವಾಟು ಎಂದು ಹೆಸರು. ಬ್ಯಾಂಕುಗಳ ಮತ್ತು ರಫ್ತುದಾರರ ನಡುವೆಯೇ ನಡೆಯುತ್ತಿದ್ದ ಈ ವ್ಯಾಪಾರ ಇಂದು ಹೈದರಾಬಾದಿನ ಮಾಧಾಪುರ, ಗಚ್ಚಿಬೌಲಿಗಳ ಕಚೇರಿಗಳಲ್ಲಿ ದುಡಿಯುವ ತರುಣರ ಮೊಬೈಲುಗಳಿಗೂ ಬಂದು ಸೇರಿದೆ. ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಇದೇ ನಗರದಲ್ಲಿ ನೆಲೆಸಿರುವ ಕನ್ನಡಿಗ ಹಿರಿಯರು, ಮತ್ತು ಈ ವಹಿವಾಟನ್ನು ಹೊಸದಾಗಿ ಕಲಿಯಬೇಕೆಂದಿರುವ, ಕಲಬುರಗಿಯಿಂದ ಉದ್ಯೋಗಕ್ಕಾಗಿ ಬಂದಿರುವ ಕಿರಿಯರು.

ಕಿರಿಯರು: ಷೇರು ಕೊಳ್ಳುವುದೇನೆಂಬುದು ಅರ್ಥವಾಗುತ್ತದೆ. ಕಂಪನಿಯೊಂದರ ಪಾಲು ಕೈಗೆ ಬರುತ್ತದೆ, ಕಂಪನಿ ಗಳಿಸಿದರೆ ಪಾಲಿನ ಬೆಲೆ ಏರುತ್ತದೆ. ಹಣವನ್ನೇ ಕೊಟ್ಟು ಹಣವನ್ನು ಕೊಳ್ಳುವುದರಲ್ಲಿ ಲಾಭ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಾವು ಮೊದಲು ತಿಳಿಸಬೇಕು.

ಹಿರಿಯರು: ಕೇಳಬೇಕಾದ್ದನ್ನೇ ಮೊದಲು ಕೇಳಿದಿರಿ. ನಾಣ್ಯಕ್ಕೆ ತನ್ನಷ್ಟಕ್ಕೆ ತಾನೇ ಬೆಲೆಯೆಂಬುದಿಲ್ಲ, ಅದರ ಬೆಲೆಯನ್ನು ಯಾವಾಗಲೂ ಇನ್ನೊಂದು ನಾಣ್ಯದ ಲೆಕ್ಕದಲ್ಲಿಯೇ ಹೇಳಬೇಕಾಗುತ್ತದೆ. ಹಾಗಾಗಿ ಈ ಪೇಟೆಯಲ್ಲಿ ವ್ಯಾಪಾರವಾಗುವುದು ಒಂಟಿ ನಾಣ್ಯವಲ್ಲ, ಜೋಡಿ. ಡಾಲರ್ ಕೊಂಡವನು ಅದೇ ಗಳಿಗೆಯಲ್ಲಿ ರೂಪಾಯಿ ಮಾರಿರುತ್ತಾನೆ. ಷೇರುಪೇಟೆಯಲ್ಲಿ ಕಂಪನಿ ಬೆಳೆದಾಗ ಎಲ್ಲ ಪಾಲುದಾರರೂ ಒಟ್ಟಿಗೆ ಗಳಿಸುವುದು ಸಾಧ್ಯ, ಆದರೆ ಜೋಡಿ ನಾಣ್ಯಗಳ ದರದ ಮೇಲೆ ಹೂಡಿದ ಪಂದ್ಯದಲ್ಲಿ ಒಬ್ಬನಿಗೆ ಬಂದ ಲಾಭ ಇನ್ನೊಬ್ಬನಿಗಾದ ನಷ್ಟವೇ ಆಗಿರುತ್ತದೆ, ನಡುವಿನ ದಲ್ಲಾಳಿಯ ಖರ್ಚು ಇಬ್ಬರಿಗೂ ತಗಲುತ್ತದೆ. ಇದನ್ನು ಅರಿಯಲು ಲಂಡನ್ನಿನ ಕಡೆ ನೋಡಬೇಕಾಗಿಲ್ಲ. ಹೈದರಾಬಾದು, ಕಲಬುರಗಿ, ರಾಯಚೂರು, ಬೀದರಗಳ ಜನ ಎರಡು ರೂಪಾಯಿಗಳ ನಡುವೆ ಬಹುಕಾಲ ಬಾಳಿದವರು.

ಕಿರಿಯರು: ಹಾಲಿ ಸಿಕ್ಕಾ, ಕಲ್ದಾರ್ ಎಂಬ ಮಾತುಗಳು ಊರಿನ ಹಿರಿಯರ ಬಾಯಲ್ಲಿ ಬರುತ್ತವೆ, ಆದರೆ ಅವುಗಳ ಲೆಕ್ಕ ತಿಳಿಯದು.

ಹಿರಿಯರು: ನಿಜಾಮರ ಸಂಸ್ಥಾನದ ಸ್ವಂತ ರೂಪಾಯಿಗೆ ಹಾಲಿ ಸಿಕ್ಕಾ ಎಂದೂ, ಬ್ರಿಟಿಷ್ ಭಾರತದ ಟಂಕಸಾಲೆಯಿಂದ ಹೊರಡುತ್ತಿದ್ದ ರೂಪಾಯಿಗೆ ಕಲ್ದಾರ್ ಎಂದೂ ಜನ ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಸ್ಥಾನದೊಳಗೇ ಗದ್ವಾಲ, ನಾರಾಯಣಪೇಟೆ, ಇಂದಿನ ಬಸವಕಲ್ಯಾಣವಾಗಿರುವ ಕಲ್ಯಾಣ ಮೊದಲಾದ ಕಡೆ ಬೇರೆ ಬೇರೆ ನಾಣ್ಯಗಳು ಮುದ್ರಣವಾಗುತ್ತಿದ್ದವು. 1853ರಿಂದ 1883ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರ ಆಡಳಿತದಲ್ಲಿ ನಾಣ್ಯ ಮುದ್ರಣವನ್ನು ರಾಜಧಾನಿಯೊಳಕ್ಕೆ ತರುವ ಪ್ರಯತ್ನ ನಡೆಯಿತು. ಆಮೇಲೆ ಸೈಫಾಬಾದಿನ ಟಂಕಸಾಲೆಯಲ್ಲಿ ಚಾರ್‌ಮಿನಾರಿನ ಚಿತ್ರವುಳ್ಳ ರೂಪಾಯಿಗಳು ತಯಾರಾದವು. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಶೇಕಡಾ 81.8 ಭಾಗ ಬೆಳ್ಳಿ. ಕಲ್ದಾರಿನ ತೂಕ 11.66 ಗ್ರಾಂ, ಅದರಲ್ಲಿ ಶೇಕಡಾ 91.7 ಭಾಗ ಬೆಳ್ಳಿ. ಗುಣಿಸಿ ನೋಡಿದರೆ ಮೊದಲನೆಯದರಲ್ಲಿ 9.14 ಗ್ರಾಂ, ಎರಡನೆಯದರಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ ಇದ್ದಂತಾಯಿತು. ಇವೆರಡರ ಅನುಪಾತ ಹೆಚ್ಚುಕಡಿಮೆ ಏಳಕ್ಕೆ ಆರು. ಸರಕಾರಿ ಲೆಕ್ಕದಲ್ಲಿ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂದು ನಿಂತ ದರವೂ ಇದೇ ಅನುಪಾತದ್ದು.

ಕಿರಿಯರು: ಹಾಗಾದರೆ ನಾಣ್ಯದೊಳಗಿನ ಲೋಹವೇ ದರವನ್ನು ಗೊತ್ತುಮಾಡುತ್ತಿತ್ತು, ಅಲ್ಲಿ ವ್ಯಾಪಾರಕ್ಕೆ ಎಡೆಯೇ ಇರಲಿಲ್ಲ ಎಂದಾಗುತ್ತದೆ.

ಹಿರಿಯರು: ಲೋಹ ದರದ ತಳಪಾಯವನ್ನಷ್ಟೇ ಹಾಕಿಕೊಡುತ್ತಿತ್ತು. ಅದರ ಮೇಲೆ ದರವನ್ನು ಏರಿಳಿಸಿದ ಬಲಗಳು ಬೇರೆ, ಹೊಸಬರು ಕಲಿಯಬೇಕಾದ್ದೂ ಅವುಗಳನ್ನೇ. 1893ರವರೆಗೆ ಯಾರು ಬೆಳ್ಳಿ ತಂದುಕೊಟ್ಟರೂ ಬ್ರಿಟಿಷ್ ಭಾರತದ ಟಂಕಸಾಲೆಗಳು ಅದನ್ನು ರೂಪಾಯಿಯಾಗಿ ಮುದ್ರಿಸಿಕೊಡುತ್ತಿದ್ದವು. ಆ ವರ್ಷ ಸರಕಾರ ಆ ಸೌಲಭ್ಯವನ್ನು ನಿಲ್ಲಿಸಿತು. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಕುಸಿಯುತ್ತಿದ್ದ ಕಾಲ ಅದು. ಕಲ್ದಾರ್ ಬೆಳ್ಳಿಯ ಹಂಗು ಹರಿದುಕೊಂಡು ಸರಕಾರದ ಮಾತಿನ ಮೇಲೆ ನಿಂತಿತು, ಹಾಲಿ ಮಾತ್ರ ಬೆಳ್ಳಿಯ ಜೊತೆಗೇ ಇಳಿಯಿತು. ಹೈದರಾಬಾದಿನಲ್ಲಿ ಬೆಳೆ ಕೆಟ್ಟಿರಲಿಲ್ಲ, ವ್ಯಾಪಾರ ನಿಂತಿರಲಿಲ್ಲ, ಆದರೂ ಹಾಲಿಯಲ್ಲಿ ಸಂಬಳ ಪಡೆದು ಮುಂಬಯಿಯಿಂದ ಬಂದ ಬಟ್ಟೆಯನ್ನು ಕೊಳ್ಳುವವನ ಕಿಸೆ ಹಗುರವಾಯಿತು. ಬ್ರಿಟಿಷ್ ಭಾರತದ ಸರಕಾರ ಮಾಡಿದ ಒಂದು ನಿರ್ಧಾರ ಚಾರ್‌ಮಿನಾರಿನ ಬುಡದ ಅಂಗಡಿಯ ಬೆಲೆಯನ್ನು ಬದಲಿಸಿತು. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿದರ ಏರಿಸಿದಾಗ ರೂಪಾಯಿ ಕುಗ್ಗುವುದು ಇದೇ ಜಾತಿಯ ಘಟನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಜಾಮ ಸರಕಾರವೂ ಮುದ್ರಣವನ್ನು ಬಿಗಿಯಾಗಿ ತನ್ನ ಹಿಡಿತಕ್ಕೆ ತಂದುಕೊಂಡ ಮೇಲೆಯೇ ದರ ಆ ಏಳು ಆರರ ಆಸುಪಾಸಿನಲ್ಲಿ ನೆಲೆ ನಿಂತದ್ದು.

ಕಿರಿಯರು: ಈ ಏರಿಳಿತದಲ್ಲಿ ಗಳಿಸಿದವರು ಯಾರು?

ಹಿರಿಯರು: ನಾಣ್ಯ ಬದಲಿಸಿಕೊಡುತ್ತಿದ್ದ ಸರಾಫರು. ಎರಡೂ ನಾಣ್ಯಗಳ ದಾಸ್ತಾನು ಅವರ ಬಳಿ ಇರುತ್ತಿತ್ತು, ಸೊಲ್ಲಾಪುರ, ಮುಂಬಯಿಗಳ ದರದ ಸುದ್ದಿ ಅವರಿಗೆ ಮೊದಲು ತಲುಪುತ್ತಿತ್ತು, ಕಾಯುವ ತಾಳ್ಮೆಗೆ ಬೇಕಾದ ಬಂಡವಾಳವೂ ಇರುತ್ತಿತ್ತು. ತುಂಗಭದ್ರೆಯ ಆಚೆ ಬಳ್ಳಾರಿ ಜಿಲ್ಲೆ ಕಲ್ದಾರಿನ ಸೀಮೆ, ಈಚೆ ರಾಯಚೂರು ಹಾಲಿಯ ಸೀಮೆ. ಎತ್ತು ಕೊಳ್ಳಲು ಹೊಳೆ ದಾಟುವ ರೈತನಿಗೆ ಅಂದೇ ನಾಣ್ಯ ಬದಲಾಗಬೇಕು, ನಾಳೆಯ ದರಕ್ಕೆ ಕಾಯುವಂತಿಲ್ಲ. ಅವನಿಂದ ಕೊಳ್ಳುವಾಗ ಒಂದು ದರ, ಅವನಿಗೆ ಮಾರುವಾಗ ತುಸು ಹೆಚ್ಚಿನ ದರ; ಈ ಎರಡರ ನಡುವಿನ ಅಂತರವನ್ನು ವಟ್ಟ ಎನ್ನುತ್ತಿದ್ದರು. ಇಂದಿನ ಪೇಟೆಯಲ್ಲಿ ಸ್ಪ್ರೆಡ್ ಎಂದು ಕರೆಯುವುದು ಅದನ್ನೇ. ದರ ಯಾವ ಕಡೆ ಹೋದರೂ ಸರಾಫನಿಗೆ ವಟ್ಟ ತಪ್ಪುವುದಿಲ್ಲ, ದರ ಯಾವ ಕಡೆ ಹೋದರೂ ರೈತನಿಗೆ ವಟ್ಟದ ಖರ್ಚು ತಪ್ಪುವುದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಬಂದಾಗ 1918ರಲ್ಲಿ ಸಂಸ್ಥಾನ ಕಾಗದದ ನೋಟುಗಳನ್ನೂ ಹೊರಡಿಸಿತು, ಆ ನೋಟುಗಳ ಮೇಲೆ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಮೊತ್ತವನ್ನು ಬರೆದಿರುತ್ತಿತ್ತು. 1942ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಕೆಲಸ ಆರಂಭಿಸಿ ಈ ನಾಣ್ಯದ ನಿರ್ವಹಣೆಯನ್ನು ವಹಿಸಿಕೊಂಡಿತು. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಕೆಲವು ವರ್ಷ ಎರಡೂ ರೂಪಾಯಿಗಳು ಜೊತೆಯಾಗಿ ನಡೆದು, 1959ರ ಹೊತ್ತಿಗೆ ಹಾಲಿ ಸಿಕ್ಕಾ ಪೂರ್ತಿಯಾಗಿ ನಿಂತುಹೋಯಿತು.

ಕಿರಿಯರು: ಅಂದಿನ ಸರಾಫರ ಜಾಗದಲ್ಲಿ ಇಂದು ಯಾರಿದ್ದಾರೆ?

ಹಿರಿಯರು: ಜಗತ್ತಿನ ದೊಡ್ಡ ಬ್ಯಾಂಕುಗಳಿವೆ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಮೂರು ವರ್ಷಕ್ಕೊಮ್ಮೆ ಮಾಡುವ ಸಮೀಕ್ಷೆಯ ಪ್ರಕಾರ 2022ರ ಏಪ್ರಿಲಿನಲ್ಲಿ ದಿನವೊಂದಕ್ಕೆ ಸರಾಸರಿ 7.5 ಲಕ್ಷ ಕೋಟಿ ಡಾಲರುಗಳಷ್ಟು ವಹಿವಾಟು ನಡೆಯುತ್ತಿತ್ತು, ನೂರಕ್ಕೆ 88 ವಹಿವಾಟುಗಳಲ್ಲಿ ಒಂದು ಕಡೆ ಡಾಲರ್ ಇತ್ತು. ಇಂಥ ಪೇಟೆಯಲ್ಲಿ ಸುದ್ದಿ ಹೊರಬಿದ್ದು ದರ ಬದಲಾಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯುವುದಿಲ್ಲ. ಸಂಜೆ ಕಚೇರಿ ಬಿಟ್ಟು ಮನೆಗೆ ಬಂದು ನಕ್ಷೆ ನೋಡುವವನು ಇವರಿಗಿಂತ ಮೊದಲು ಏನನ್ನಾದರೂ ತಿಳಿಯುತ್ತಾನೆಂದು ನಂಬಲು ಕಾರಣವಿಲ್ಲ.

ಕಿರಿಯರು: ಆದರೂ ಸಣ್ಣ ಮೊತ್ತದಿಂದ ದೊಡ್ಡ ವಹಿವಾಟು ಮಾಡಬಹುದೆಂದು ಹೇಳುತ್ತಾರೆ. ಲೆವರೇಜ್ ಎಂಬುದು ಹೊಸಬರಿಗೆ ಅನುಕೂಲವೇ ಅಲ್ಲವೇ?

ಹಿರಿಯರು: ಲೆವರೇಜ್ ಎಂದರೆ ಸಾಲದ ಬಲದಿಂದ ವಹಿವಾಟಿನ ಗಾತ್ರವನ್ನು ಹಿಗ್ಗಿಸುವುದು, ಅದಕ್ಕಾಗಿ ಮುಂಗಡವಾಗಿ ಇಡುವ ಠೇವಣಿಗೆ ಮಾರ್ಜಿನ್ ಎಂದು ಹೆಸರು. ಒಂದಕ್ಕೆ ಐನೂರು ಪಟ್ಟು ಕೊಡುತ್ತೇವೆಂದು ಸಾರುವ ಆ್ಯಪ್‌ನಲ್ಲಿ ಹತ್ತು ಸಾವಿರ ರೂಪಾಯಿ ಇಟ್ಟವನ ಹೆಸರಿನಲ್ಲಿ ಐವತ್ತು ಲಕ್ಷದ ವಹಿವಾಟು ನಡೆಯುತ್ತದೆ. ಐವತ್ತು ಲಕ್ಷದ ಐನೂರನೆಯ ಒಂದು ಭಾಗ, ಎಂದರೆ ಶೇಕಡಾ 0.2ರಷ್ಟು ದರ ವಿರುದ್ಧ ದಿಕ್ಕಿಗೆ ಸರಿದರೆ ಆ ಹತ್ತು ಸಾವಿರ ಪೂರ್ತಿ ಹೋಯಿತು. ಯೂರೋ 1.1000 ಡಾಲರಿನಲ್ಲಿದ್ದರೆ ಅದು 1.0978ಕ್ಕೆ ಇಳಿದರೆ ಸಾಕು. ಯೂರೋ ಇಷ್ಟು ಅಲುಗಾಡುವುದು ಸಾಮಾನ್ಯ ದಿನವೊಂದರ ಸಾಮಾನ್ಯ ಸಂಗತಿ. ಮರುಗಳಿಗೆಗೆ ದರ ಹಿಂದಿರುಗಿ ಅಂದಾಜು ಸರಿಯೆಂದೇ ಸಾಬೀತಾದರೂ ಪ್ರಯೋಜನವಿಲ್ಲ, ಏಕೆಂದರೆ ಅಷ್ಟರಲ್ಲಿ ಖಾತೆ ಮುಚ್ಚಿಹೋಗಿರುತ್ತದೆ. ಯುರೋಪಿನ ನಿಯಂತ್ರಕರು 2018ರಲ್ಲಿ ಈ ಬಗೆಯ ಖಾತೆಗಳನ್ನು ಪರಿಶೀಲಿಸಿದಾಗ ಸಣ್ಣ ಹೂಡಿಕೆದಾರರ ನೂರು ಖಾತೆಗಳಲ್ಲಿ 74ರಿಂದ 89ರಷ್ಟು ನಷ್ಟದಲ್ಲಿರುವುದು ಕಂಡುಬಂದಿತು. ಆಮೇಲೆ ಅವರು ಮುಖ್ಯ ನಾಣ್ಯಜೋಡಿಗಳಿಗೂ ಮೂವತ್ತು ಪಟ್ಟಿನ ಮಿತಿ ಹಾಕಿದರು. ಯುರೋಪಿನಲ್ಲಿ ಮೂವತ್ತೇ ಅಪಾಯವೆಂದು ಗೆರೆ ಎಳೆದಿರುವಾಗ ಇಲ್ಲಿ ಐನೂರನ್ನು ಸೌಲಭ್ಯವೆಂದು ಮಾರುವುದು ಅನ್ಯಾಯ. ಇನ್ನೊಂದು ಮಾತು, ಇಂಥ ಎಷ್ಟೋ ವೇದಿಕೆಗಳಲ್ಲಿ ಗಿರಾಕಿಯ ಎದುರಿಗೆ ನಿಂತು ವಹಿವಾಟು ಮಾಡುವುದು ಆ ವೇದಿಕೆಯೇ. ಗಿರಾಕಿ ಕಳೆದುಕೊಂಡದ್ದು ನೇರವಾಗಿ ಅದರ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ.

ಕಿರಿಯರು: ಭಾರತದಲ್ಲಿ ಇದಕ್ಕೆ ಕಾನೂನಿನ ದಾರಿ ಇದೆಯೇ, ಇಲ್ಲವೇ ಎಲ್ಲವೂ ನಿಷಿದ್ಧವೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಿರಿಯರು: ದಾರಿ ಇದೆ, ಅದು ಕಿರಿದು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಫೆಮಾ ಎಂದು ಕರೆಯುವುದು, 2000ದ ಜೂನ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಭಾರತದ ನಿವಾಸಿ ವಿದೇಶಿ ನಾಣ್ಯದ ವ್ಯವಹಾರವನ್ನು ರಿಸರ್ವ್ ಬ್ಯಾಂಕಿನ ಅಧಿಕಾರ ಪಡೆದವರ ಜೊತೆಗೆ, ಅನುಮತಿಸಿದ ಉದ್ದೇಶಗಳಿಗೆ ಮಾತ್ರ ಮಾಡಬಹುದು. ಆನ್‌ಲೈನ್ ವಹಿವಾಟಾದರೆ ರಿಸರ್ವ್ ಬ್ಯಾಂಕು ಅಧಿಕೃತಗೊಳಿಸಿದ ವೇದಿಕೆಗಳಲ್ಲಿ, ಅಥವಾ ಎನ್‌ಎಸ್‌ಇ, ಬಿಎಸ್‌ಇ, ಮೆಟ್ರೊಪಾಲಿಟನ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಮಾನ್ಯ ವಿನಿಮಯ ಕೇಂದ್ರಗಳಲ್ಲಿ ನಡೆಯಬೇಕು. 2008ರ ಆಗಸ್ಟ್ 29ರಂದು ಎನ್‌ಎಸ್‌ಇಯಲ್ಲಿ ಡಾಲರ್–ರೂಪಾಯಿ ಫ್ಯೂಚರ್ಸ್ ಆರಂಭವಾಯಿತು. ಫ್ಯೂಚರ್ಸ್ ಎಂದರೆ ಮುಂದಿನ ಗೊತ್ತಾದ ದಿನಕ್ಕೆ ಇಂದೇ ದರ ಕಟ್ಟಿಕೊಳ್ಳುವ ಕರಾರು. ಒಂದು ಕರಾರಿನ ಗಾತ್ರ ಸಾವಿರ ಡಾಲರ್, ಅದರ ದರದ ಅತಿ ಚಿಕ್ಕ ಹೆಜ್ಜೆ ಕಾಲು ಪೈಸೆ, ಎಂದರೆ ಒಂದು ಕರಾರಿಗೆ ಎರಡೂವರೆ ರೂಪಾಯಿ. ದರ ಐವತ್ತು ಪೈಸೆ ಬದಲಾದರೆ ಐನೂರು ರೂಪಾಯಿಯ ಲಾಭ ಅಥವಾ ನಷ್ಟ. ಡಾಲರು ಕೈಗೆ ಬರುವುದಿಲ್ಲ, ವ್ಯತ್ಯಾಸವನ್ನು ರೂಪಾಯಿಯಲ್ಲಿಯೇ ತೀರಿಸಲಾಗುತ್ತದೆ.

ಕಿರಿಯರು: ಹಾಗಿದ್ದರೆ ಅಲ್ಲಿಯೇ ಖಾತೆ ತೆರೆದು ಆರಂಭಿಸಬಹುದಲ್ಲ.

ಹಿರಿಯರು: ಅಲ್ಲಿಯೂ ಒಂದು ಕಟ್ಟುಪಾಡಿದೆ. 2024ರ ಜನವರಿ 5ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಅದನ್ನು ಸ್ಪಷ್ಟವಾಗಿ ಹೇಳಿತು, ಅದು ಆ ವರ್ಷದ ಮೇ 3ರಿಂದ ಜಾರಿಗೆ ಬಂದಿತು. ರೂಪಾಯಿ ಸೇರಿದ ಕರಾರುಗಳನ್ನು ವಿದೇಶಿ ನಾಣ್ಯದ ನಿಜವಾದ ಬಾಧ್ಯತೆ ಇರುವವರು, ಆ ಬಾಧ್ಯತೆಯ ರಕ್ಷಣೆಗಾಗಿ ಮಾಡಬೇಕು. ಹತ್ತು ಕೋಟಿ ಡಾಲರುಗಳ ಮಿತಿಯವರೆಗೆ ದಾಖಲೆ ತೋರಿಸಬೇಕಾಗಿಲ್ಲ, ಆದರೆ ಬಾಧ್ಯತೆ ಇರಲೇಬೇಕು. ಬರಿಯ ಊಹೆಯ ಮೇಲೆ ಆಡುತ್ತಿದ್ದ ಸಣ್ಣ ವಹಿವಾಟುದಾರರು ಇದಾದ ಮೇಲೆ ಹಿಂದೆ ಸರಿದರು, ವಹಿವಾಟು ಬಹಳ ಇಳಿಯಿತು.

ಕಿರಿಯರು: ಇಲ್ಲಿ ಒಂದು ಆಕ್ಷೇಪವನ್ನು ಎತ್ತಬೇಕಾಗುತ್ತದೆ. ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಲು ಅವಕಾಶವಿದೆ. ಆ ಹಣದಿಂದ ಅಮೆರಿಕದ ಷೇರು ಕೊಳ್ಳಬಹುದಂತೆ, ವಿದೇಶಿ ದಲ್ಲಾಳಿಗೆ ಮಾರ್ಜಿನ್ ಕಟ್ಟಬಾರದಂತೆ. ದುಡಿದ ಹಣವನ್ನು ಕಳೆದುಕೊಳ್ಳುವ ಹಕ್ಕು ದುಡಿದವನಿಗೆ ಇರಬಾರದೇ?

ಹಿರಿಯರು: ಆಕ್ಷೇಪದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ಷೇರಿನಲ್ಲಿ ಹೂಡಿದ ಡಾಲರು ಒಂದು ಆಸ್ತಿಯಾಗಿ ಉಳಿಯುತ್ತದೆ, ಮಾರಿದಾಗ ದೇಶಕ್ಕೆ ಮರಳಬಲ್ಲುದು. ಪಂದ್ಯದಲ್ಲಿ ಸೋತ ಡಾಲರು ಮರಳುವುದಿಲ್ಲ. 1991ರಲ್ಲಿ ವಿದೇಶಿ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಕರಗಿ, ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಿಂದ ಸಾಲ ಪಡೆಯಲು ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡವಿಡಬೇಕಾಯಿತು. ಆ ದಿನಗಳನ್ನು ಕಂಡ ದೇಶ ತನ್ನ ಡಾಲರುಗಳ ಬಾಗಿಲನ್ನು ಅಳೆದು ಅಳೆದು ತೆರೆಯುವುದು ಸಹಜ. ಹೊಸಬರ ಮಟ್ಟಿಗೆ ಈ ನಿಯಮ ಸರಿಯಾದದ್ದೇ ಎಂಬುದು ಈ ಕೆಲಸದಲ್ಲಿ ಆಯುಷ್ಯ ಕಳೆದವನೊಬ್ಬನ ಖಚಿತ ಅಭಿಪ್ರಾಯ. ನಿಯಮ ಮೀರಿದವನಿಗೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು, ಹಣ ಕಳೆದುಕೊಂಡವನು ದೂರು ಕೊಡಲು ಹೋದರೆ ತಾನೂ ತಪ್ಪಿತಸ್ಥನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಕಿರಿಯರು: ಹಾಗಾದರೆ ಸಾಮಾನ್ಯ ಸಂಬಳದಾರ ಈ ವಿದ್ಯೆಯನ್ನು ಕಲಿಯುವುದೇ ವ್ಯರ್ಥವೆಂದು ತಾವು ಹೇಳುತ್ತಿರುವಿರೇ?

ಹಿರಿಯರು: ಖಂಡಿತ ಅಲ್ಲ. ಹೈದರಾಬಾದಿನಲ್ಲಿ ನಾಣ್ಯದ ದರ ತಟ್ಟದ ಮನೆ ಕಡಿಮೆ. ಮಗಳನ್ನು ಅಮೆರಿಕದಲ್ಲಿ ಓದಿಸುವವರು ಮುಂದಿನ ಎರಡು ವರ್ಷ ಡಾಲರಿನಲ್ಲಿ ಶುಲ್ಕ ಕಟ್ಟಬೇಕು, ಅದು ನಿಜವಾದ ಬಾಧ್ಯತೆ. ಕೊಲ್ಲಿ ದೇಶಗಳಿಂದ ಹಣ ಬರುವ ಮನೆಗಳು ಎಷ್ಟೋ ಇವೆ. ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725ರಂತೆ, ಸೌದಿ ರಿಯಾಲ್ 1986ರಿಂದ 3.75ರಂತೆ ಕಟ್ಟಿನಲ್ಲಿ ನಿಂತಿವೆ, ಹಾಲಿ ಕಲ್ದಾರಿನ ಏಳು ಆರರ ಕಟ್ಟಿನ ಹಾಗೆಯೇ. ಆದ್ದರಿಂದ ದುಬೈಯಿಂದ ಬರುವ ಹಣದ ಬೆಲೆ ತಿಳಿಯಲು ದುಬೈಯ ಸುದ್ದಿಗಿಂತ ಡಾಲರ್–ರೂಪಾಯಿ ದರವನ್ನು ನೋಡುವುದು ಮೇಲು. ಹಣ ಕಳುಹಿಸುವಾಗ ಒಂದು ಸಂಸ್ಥೆ ಕಮಿಷನ್ ಇಲ್ಲವೆಂದು ಹೇಳಿ ದರದಲ್ಲಿಯೇ ವಟ್ಟವನ್ನು ಅಡಗಿಸಿರುತ್ತದೆ. ಎಫ್‌ಬಿಐಎಲ್ ಎಂಬ ಸಂಸ್ಥೆ ವ್ಯವಹಾರದ ದಿನಗಳಲ್ಲಿ ಪ್ರಕಟಿಸುವ ಉಲ್ಲೇಖ ದರದೊಡನೆ ಅದನ್ನು ಹೋಲಿಸಿ ನೋಡಲು ಬಲ್ಲವನು ಪ್ರತಿ ರವಾನೆಯಲ್ಲೂ ಹಣ ಉಳಿಸುತ್ತಾನೆ.

ಕಿರಿಯರು: ಉಳಿತಾಯ ಬೇರೆ, ಗಳಿಕೆ ಬೇರೆ. ವಿದೇಶಿ ನಾಣ್ಯದಲ್ಲಿ ಹಣ ಇಟ್ಟು ಬೆಳೆಸಿದವರೇ ಇಲ್ಲವೇ?

ಹಿರಿಯರು: ಇದ್ದಾರೆ, ಅದರ ದೊಡ್ಡ ಉದಾಹರಣೆ ಈ ನಗರದ್ದೇ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಕುಸಿದ ದಿನಗಳಲ್ಲಿ ನಿಜಾಮ ಸರಕಾರದ 10,07,940 ಪೌಂಡ್ 9 ಶಿಲ್ಲಿಂಗ್ ಹಣ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ರಹೀಮ್‌ತೂಲಾ ಅವರ ಖಾತೆಗೆ ವರ್ಗವಾಯಿತು. ಹಕ್ಕಿನ ವ್ಯಾಜ್ಯದಲ್ಲಿ ಆ ಹಣ ಎಪ್ಪತ್ತು ವರ್ಷ ಸಿಕ್ಕಿಬಿದ್ದಿತ್ತು. 2019ರ ಅಕ್ಟೋಬರಿನಲ್ಲಿ ಲಂಡನ್ನಿನ ನ್ಯಾಯಾಲಯ ಅದು ಭಾರತಕ್ಕೂ ನಿಜಾಮರ ವಾರಸುದಾರರಿಗೂ ಸೇರಬೇಕೆಂದು ತೀರ್ಪಿತ್ತಾಗ ಬಡ್ಡಿ ಸೇರಿ ಮೊತ್ತ ಸುಮಾರು 3.5 ಕೋಟಿ ಪೌಂಡ್ ಆಗಿತ್ತು. 1948ರಲ್ಲಿ ಒಂದು ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ. 1966ರ ಜೂನ್ 6ರ ಅಪಮೌಲ್ಯದ ಮರುದಿನ 21 ರೂಪಾಯಿ. 2019ರಲ್ಲಿ 87ರ ಆಸುಪಾಸು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪೌಂಡಿನ ದರ ಏರಿ ಆದ ವೃದ್ಧಿ ಆರೂವರೆ ಪಟ್ಟು, ಸುಮ್ಮನೆ ಕುಳಿತ ಹಣಕ್ಕೆ ಬಡ್ಡಿಯಿಂದ ಆದ ವೃದ್ಧಿ ಮೂವತ್ತೈದು ಪಟ್ಟು. ಆ ಎಪ್ಪತ್ತು ವರ್ಷ ಆ ಹಣದಿಂದ ಯಾರೂ ದಿನವಹಿ ಕೊಂಡು ಮಾರಲಿಲ್ಲ. ಲೆವರೇಜಿನ ಮೇಲೆ ಆಡುವವನದು ಇದಕ್ಕೆ ಪೂರ್ತಿ ಉಲ್ಟಾ ಸ್ಥಿತಿ, ಅವನು ವಟ್ಟವನ್ನು ಪ್ರತಿ ಸಲ ಕಟ್ಟುತ್ತಾನೆ, ಸಾಲದ ಬಡ್ಡಿಯನ್ನು ಪ್ರತಿ ರಾತ್ರಿ ಕಟ್ಟುತ್ತಾನೆ.

ಕಿರಿಯರು: ಟೆಲಿಗ್ರಾಂ ಗುಂಪುಗಳಲ್ಲಿ ಲಾಭದ ಚಿತ್ರಗಳನ್ನು ದಿನವೂ ಹಾಕುತ್ತಾರೆ. ಅವೆಲ್ಲ ಸುಳ್ಳೆನ್ನುವುದು ಹೇಗೆ?

ಹಿರಿಯರು: ಪರದೆಯ ಮೇಲೆ ಕಾಣುವ ಅಂಕಿ ಹಣವಲ್ಲ, ಬ್ಯಾಂಕ್ ಖಾತೆಗೆ ಮರಳಿ ಬಂದದ್ದಷ್ಟೇ ಹಣ. ಮೊದಲು ಸಣ್ಣ ಮೊತ್ತವನ್ನು ಹಿಂದಿರುಗಿಸಿ ನಂಬಿಕೆ ಹುಟ್ಟಿಸುತ್ತಾರೆ, ದೊಡ್ಡ ಮೊತ್ತ ಹೋದ ಮೇಲೆ ಅದನ್ನು ಬಿಡಿಸಿಕೊಳ್ಳಲು ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎನ್ನುತ್ತಾರೆ. ಹಣವನ್ನು ಯಾರದೋ ವೈಯಕ್ತಿಕ ಖಾತೆಗೆ ಯುಪಿಐ ಮೂಲಕ ಹಾಕಿಸಿಕೊಳ್ಳುವ ವೇದಿಕೆ ಅಧಿಕೃತವಾಗಿರಲು ಸಾಧ್ಯವೇ ಇಲ್ಲ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ 34 ಹೆಸರುಗಳ ಎಚ್ಚರಿಕೆಯ ಪಟ್ಟಿಯೊಂದನ್ನು ಹೊರಡಿಸಿತು, ಆಮೇಲೆ ಅದನ್ನು ಹಲವು ಸಲ ಬೆಳೆಸಿತು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅನುಮತಿ ಇದೆಯೆಂದು ತಿಳಿಯಬಾರದು. ಅಧಿಕೃತ ವೇದಿಕೆಗಳ ಪಟ್ಟಿ ಬೇರೆಯೇ ಇದೆ, ನೋಡಬೇಕಾದ್ದು ಅದನ್ನು.

ಕಿರಿಯರು: ಈಗಾಗಲೇ ಹಣ ಹಾಕಿ ಸಿಕ್ಕಿಕೊಂಡ ಸ್ನೇಹಿತರಿದ್ದಾರೆ. ಅವರು ನಾಚಿಕೆಯಿಂದ ಮನೆಯಲ್ಲಿಯೂ ಹೇಳಿಲ್ಲ.

ಹಿರಿಯರು: ಅವರಿಗೆ ಇಂದೇ ಹೇಳಿ, ಮನೆಯವರಿಗೆ ತಿಳಿಸಲಿ, ಇನ್ನೊಂದು ರೂಪಾಯಿಯನ್ನೂ ಕಟ್ಟದಿರಲಿ. ಹಣ ಕಳುಹಿಸಿದ ರಸೀದಿ, ಖಾತೆ ಸಂಖ್ಯೆ, ಸಂದೇಶ ಯಾವುದನ್ನೂ ಅಳಿಸದೆ ಇಟ್ಟುಕೊಂಡು ತಡಮಾಡದೆ 1930ಕ್ಕೆ ಕರೆ ಮಾಡಲಿ. ಅದು ದೇಶಕ್ಕೆಲ್ಲ ಒಂದೇ ಆಗಿರುವ ಸೈಬರ್ ಅಪರಾಧದ ಸಹಾಯವಾಣಿ. ದೂರು ಬೇಗ ತಲುಪಿದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ಬ್ಯಾಂಕುಗಳು ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.